ಖಳರಾಜ ಉಪ್ಪಿಟ್ಟು ಬಡಿಸಿದ ಭಾನುವಾರ

ವಾರದಲ್ಲಿ ಆರು ದಿನ ನಾನು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದೆ, ಏಳನೆಯ ದಿನ ರಾಜ್ಯ ಆಳುತ್ತಿದ್ದೆ. ಅಂಟು ಹಚ್ಚುವುದು ಒಂದು ವಿಮಾ ಕಚೇರಿಯ ಡೆಸ್ಪ್ಯಾಚ್ ಸೆಕ್ಷನ್ನಿನಲ್ಲಿ, ಮೂರನೇ ಮಹಡಿಯ ಮೂಲೆಯಲ್ಲಿ. ರಾಜ್ಯಭಾರ ಮಲ್ಲೇಶ್ವರಂ ಹದಿನೇಳನೇ ಕ್ರಾಸಿನ ನಮ್ಮ ಮನೆಯ ವರಾಂಡದಲ್ಲಿ, ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ. ಕಚೇರಿಯಲ್ಲಿ ನನ್ನನ್ನು ಯಾರೂ ರಾಘವ ಎಂದು ಕರೆದ ನೆನಪಿಲ್ಲ. 'ಡೆಸ್ಪ್ಯಾಚ್' ಎಂದು ಕೂಗಿದರೆ ನಾನು ಎದ್ದು ಹೋಗಬೇಕು. ಅಂಥವನ ಕೈಗೆ ಒಂದು ನಾಡಿನ ಹುಟ್ಟು ಸಾವು ಸಿಕ್ಕರೆ ಏನಾಗುತ್ತದೆ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಕೊಡೆ ಹಿಡಿದದ್ದು ಹಾಡಹಗಲಿನಲ್ಲೇ, ಅದೂ ಏಳು ವರ್ಷ.

ಐಶ್ವರ್ಯ ಬಂದದ್ದು ತೊಂಬತ್ತೈದನೇ ಇಸವಿಯಲ್ಲಿ, ಹಳೇ ಪುಸ್ತಕದ ಅಂಗಡಿಯಿಂದ, ಒಂದು ರಟ್ಟಿನ ಡಬ್ಬಿಯ ರೂಪದಲ್ಲಿ. ಆಗ ನಾನು ಏಳು ಕೋಟೆಗಳ ನಾಡಿನ ಕತೆ ಹೇಳುವ ಒಂಬತ್ತು ಸಂಪುಟದ ಇಂಗ್ಲಿಷ್ ಕಾದಂಬರಿ ಸರಣಿಯ ಹುಚ್ಚು ಹಿಡಿಸಿಕೊಂಡಿದ್ದೆ. ಮಂತ್ರ, ಕತ್ತಿ, ಹಿಮದ ಕಾಡು, ಮಾತಾಡುವ ತೋಳ, ಎಲ್ಲಕ್ಕಿಂತ ಮೇಲೆ ಕರಿಕೋಟೆಯ ಖಳರಾಜ ವಲ್ಗ್ರಾತ್. ಒಂಬತ್ತನ್ನೂ ಓದಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಓದಿದ್ದು ನಾಲ್ಕೂವರೆ. ಆ ಡಬ್ಬಿಯಲ್ಲಿದ್ದದ್ದು ಅದೇ ಕಾದಂಬರಿಗಳನ್ನು ಆಧರಿಸಿದ ಆಟ. ಇನ್ನೂರು ಪುಟದ ನಿಯಮದ ಪುಸ್ತಕ, ಒಂದು ಭೂಪಟ, ನಾಲ್ಕು ದಾಳ.

ಆಟ ಹೇಗೆಂದರೆ, ಒಬ್ಬ ಕತೆ ನಡೆಸುತ್ತಾನೆ. ಮಿಕ್ಕವರು ಒಂದೊಂದು ಪಾತ್ರ ಹಿಡಿಯುತ್ತಾರೆ. 'ಎದುರಿಗೆ ಹೊಳೆ ಇದೆ, ಸೇತುವೆ ಮುರಿದಿದೆ, ಏನು ಮಾಡುತ್ತೀರಿ?' ಎಂದು ಕತೆ ನಡೆಸುವವನು ಕೇಳುತ್ತಾನೆ. ಅವರು ಈಜುತ್ತೇವೆ ಅಂತಲೋ, ದೋಣಿ ಹುಡುಕುತ್ತೇವೆ ಅಂತಲೋ ಹೇಳಬೇಕು. ಆಮೇಲೆ ದಾಳ ಉರುಳಿಸಿದರೆ ಬದುಕಿದರೋ ಮುಳುಗಿದರೋ ಗೊತ್ತಾಗುತ್ತದೆ. ಕತೆ ನಡೆಸುವವನು ನಾನು. ಇದಕ್ಕೆ ಚುನಾವಣೆಯೇನೂ ನಡೆಯಲಿಲ್ಲ.

ದಾಳ ನೋಡಿದ ಕೂಡಲೇ ನಮ್ಮಮ್ಮ ಸುಂದರಮ್ಮ ಹೌಹಾರಿದರು. "ಮನೆಯೊಳಗೆ ದಾಳ ಉರುಳಿದ್ರೆ ಮನೆಯೇ ಉರುಳತ್ತೆ ಕಣೋ. ಆಡೋದಾದ್ರೆ ಹೊರಗೆ ವರಾಂಡದಲ್ಲಿ ಆಡ್ಕೊಳ್ಳಿ" ಎಂದರು. ಹಾಗೆ ಏಳು ಕೋಟೆಗಳ ನಾಡು ನಮ್ಮ ವರಾಂಡದ ಚಾಪೆಯ ಮೇಲೆ ನೆಲೆಯಾಯಿತು. ಆಟಗಾರರು ಮೂವರು. ಮೊದಲನೆಯವಳು ನನ್ನ ತಂಗಿ ಮೈತ್ರೇಯಿ. ಆಗ ಬಿಎಸ್ಸಿ ಓದುತ್ತಿದ್ದಳು, ಮಂತ್ರವಾದಿನಿಯ ಪಾತ್ರ, ನಿಜಜೀವನದಲ್ಲೂ ಒಂದು ಮಾತಿಗೆ ನನ್ನನ್ನು ಭಸ್ಮ ಮಾಡುವ ಶಕ್ತಿ. ಎರಡನೆಯವರು ಪಕ್ಕದ ಮನೆಯ ಶ್ರೀನಿವಾಸಯ್ಯ ಮೇಷ್ಟ್ರು. ರಿಟೈರಾಗಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದಾರೆಂದು ಅವರ ಹೆಂಡತಿಯೇ ಕೈಹಿಡಿದು ತಂದು ಕೂಡಿಸಿ ಹೋಗಿದ್ದರು. ರಾಹುಕಾಲದಲ್ಲಿ ಮೇಷ್ಟ್ರು ಯಾವ ಕೋಟೆಗೂ ಮುತ್ತಿಗೆ ಹಾಕುತ್ತಿರಲಿಲ್ಲ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಹೀಗಾಗಿ ನಮ್ಮ ಯುದ್ಧಗಳೆಲ್ಲ ಮೂರರಿಂದ ನಾಲ್ಕೂವರೆಯೊಳಗೆ ಮುಗಿಯಬೇಕಿತ್ತು, ಉಳಿದ ಹೊತ್ತು ಬರೀ ಪ್ರಯಾಣ ಮತ್ತು ಸಂಧಾನ.

ಮೂರನೆಯವನು ಮರಿಯಣ್ಣ. ಎಂಟನೇ ಕ್ರಾಸಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಮನೆ ಶ್ರೀರಾಂಪುರದಲ್ಲಿ, ತಾಯಿ ಮುನಿಯಕ್ಕ ಹತ್ತಿರದ ಬಟ್ಟೆ ಗಿರಣಿ ಮುಚ್ಚುವವರೆಗೆ ಅಲ್ಲಿ ನೂಲು ತೆಗೆಯುತ್ತಿದ್ದವರು. ನಿಯಮದ ಪುಸ್ತಕದ ಪ್ರತಿ ತೆಗೆಸಲು ಹೋದಾಗ ಅವನು ಮಷೀನು ನಿಲ್ಲಿಸಿ ಪುಸ್ತಕ ಓದುತ್ತ ನಿಂತುಬಿಟ್ಟ. ಅರ್ಧ ಗಂಟೆಯಾದ ಮೇಲೆ ತಲೆ ಎತ್ತಿ, "ಇದರಲ್ಲಿ ಬರೀ ರಾಜಕುಮಾರರು, ಮಂತ್ರವಾದಿಗಳೇ ಇದಾರಲ್ಲ ಗುರು. ಗಡಿ ಕಾಯೋನು ಒಬ್ಬ ಬೇಡ್ವಾ?" ಎಂದು ಕೇಳಿದ. ಮುಂದಿನ ಭಾನುವಾರದಿಂದ ಅವನು ಗಡಿ ಕಾಯುವ ಬೀರ. ನನಗೆ ಅವನಷ್ಟು ಹತ್ತಿರದ ಗೆಳೆಯ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ಇದನ್ನು ಅವನಿಗೆ ಎಂದೂ ಹೇಳಲಿಲ್ಲ ಎನ್ನುವುದು ನನ್ನ ಅನೇಕ ದಡ್ಡತನಗಳಲ್ಲಿ ಒಂದು.

ಬೀರ ವಿಚಿತ್ರ ಕಾವಲುಗಾರ. ಸೆರೆ ಸಿಕ್ಕ ಶತ್ರುವಿಗೆ ಮೊದಲು ನೀರು ಕೊಡುತ್ತಿದ್ದ. ಸತ್ತ ತೋಳಕ್ಕೂ ಮಣ್ಣು ಮಾಡಬೇಕು ಎನ್ನುತ್ತಿದ್ದ. ಇದಕ್ಕೆಲ್ಲ ನಿಯಮದ ಪುಸ್ತಕದಲ್ಲಿ ಅಂಕಗಳಿಲ್ಲ ಎಂದು ನಾನು ರೇಗಿದರೆ, "ಅಂಕ ನೀನೇ ಇಟ್ಕೋ ರಾಘು, ಹಳ್ಳ ತೋಡಿದೀನಿ ಅಂತ ಮಾತ್ರ ಬರ್ಕೋ" ಎನ್ನುತ್ತಿದ್ದ. ಅವನ ದೆಸೆಯಿಂದ ನಾವು ಏಳು ಕೋಟೆ ದಾಟಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಮೈತ್ರೇಯಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆಸಿ ಆಯಿತು, ಮರಿಯಣ್ಣ ಎರಡನೇ ಮಷೀನು ಹಾಕಿಸಿದ. ನಾನು ಅಂಟು ಹಚ್ಚುತ್ತಲೇ ಇದ್ದೆ.

ಎರಡು ಸಾವಿರದ ಎರಡರ ಆಗಸ್ಟಿನ ಒಂದು ಭಾನುವಾರ ನಾವು ಕೊನೆಗೂ ಕರಿಕೋಟೆಯ ಬಾಗಿಲಿಗೆ ಬಂದೆವು. ಈ ದಿನಕ್ಕಾಗಿ ನಾನು ಮೂರು ತಿಂಗಳಿಂದ ತಯಾರಿ ನಡೆಸಿದ್ದೆ. ವಲ್ಗ್ರಾತ್ ಕೋಟೆಯ ಬಾಗಿಲಲ್ಲಿ ನಿಂತು ಆಡಬೇಕಾದ ಘೋರ ಭಾಷಣವನ್ನು ಕಚೇರಿಯ ಹಾಳಾದ ಲಕೋಟೆಗಳ ಹಿಂದೆ ಬರೆದಿದ್ದೆ. ನಿಮ್ಮ ಮೂಳೆಗಳಿಂದ ನನ್ನ ಸಿಂಹಾಸನದ ಕಾಲು ಕಡೆಸುತ್ತೇನೆ, ಇತ್ಯಾದಿ. ಭಾಷಣ, ಆಮೇಲೆ ಯುದ್ಧ, ಆಮೇಲೆ ಬೀರನ ಕತ್ತಿಯಿಂದ ಖಳರಾಜನ ಸಂಹಾರ. ಹೌದು, ಅವನನ್ನು ಕೊಲ್ಲುವ ಕೀರ್ತಿ ಬೀರನಿಗೇ ಸಿಗಲಿ ಎಂದು ನಾನು ಒಳಗೊಳಗೇ ಏರ್ಪಾಟು ಮಾಡಿದ್ದೆ. ಅದೇ ನಾನು ಗೆಳೆಯನಿಗೆ ಕೊಡಬಲ್ಲ ದೊಡ್ಡ ಉಡುಗೊರೆ ಅಂದುಕೊಂಡಿದ್ದೆ.

ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಬಾಗಿಲು ಕಿರುಗುಟ್ಟಿ ತೆರೆಯಿತು ಎಂದೆ. ಸರಿಯಾಗಿ ಆ ಹೊತ್ತಿಗೆ ನಮ್ಮಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ತಂದರು. ನಮ್ಮ ಮನೆಯಲ್ಲಿ ಒಂದು ಅಭ್ಯಾಸ. ಬಾಗಿಲಿಗೆ ಬಂದವರು ಯಾರೇ ಇರಲಿ, ಬಂದ ಕೆಲಸ ಏನು ಅಂತ ಕೇಳುವ ಮೊದಲು ಬನ್ನಿ, ಕೂತ್ಕೊಳ್ಳಿ, ಏನು ತಗೋತೀರಿ ಅಂತ ಕೇಳಬೇಕು. ಹುಟ್ಟಿದಾಗಿನಿಂದ ಅದನ್ನು ಕೇಳಿ ಕೇಳಿ ನಾಲಿಗೆಗೆ ಅಂಟಿದೆ. ಕೈಯಲ್ಲಿ ಬಿಸಿ ತಟ್ಟೆ, ಮೂಗಿಗೆ ಕರಿಬೇವಿನ ಒಗ್ಗರಣೆ, ಎದುರಿಗೆ ಬಾಗಿಲಿಗೆ ಬಂದು ನಿಂತ ಮೂರು ಜನ. ವಲ್ಗ್ರಾತನ ಗಂಟಲಿನಲ್ಲಿ ನಾನು ಗರ್ಜಿಸಿದೆ: "ಬನ್ನಿ, ಕೂತ್ಕೊಳ್ಳಿ. ದೂರದಿಂದ ಬಂದಿದೀರಿ. ಮೊದಲು ತಿಂಡಿ ತಗೊಳ್ಳಿ."

ಮೈತ್ರೇಯಿ ಕಿಸಕ್ಕೆಂದಳು. ತಪ್ಪು ಒಪ್ಪಿಕೊಂಡು ಮತ್ತೆ ಶುರುಮಾಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕತೆ ನಡೆಸುವವನು ತಪ್ಪು ಮಾಡುವುದುಂಟೇ? ಇದೂ ರಾಜನ ಕುಟಿಲತೆಯೇ ಎಂಬಂತೆ ಮುಂದುವರಿಸಿದೆ. ಉದ್ದನೆಯ ಮೇಜು, ಬೆಳ್ಳಿಯ ತಟ್ಟೆ, ಹಬೆಯಾಡುವ ಊಟ. ರಾಜ ತಾನೇ ನಿಂತು ಬಡಿಸಿದ. "ನೀವು ತಿಂದ್ರಾ?" ಎಂದು ಕೇಳಿದೆ. ಮೂವರೂ ನಮ್ಮಮ್ಮನ ಉಪ್ಪಿಟ್ಟು ಬಾಯಿಗಿಟ್ಟುಕೊಳ್ಳುತ್ತ "ತಿಂದ್ವಿ" ಎಂದರು. ಆಮೇಲೆ ನಾನು ಭಾಷಣ ಓದಿದೆ, ಸಿಂಹಾಸನದ ಕಾಲಿನವರೆಗೆ. "ಈಗ ಕತ್ತಿ ಎಳಿ ಬೀರ! ಉರುಳಿಸು ದಾಳ!"

ಮರಿಯಣ್ಣ ದಾಳ ಮುಟ್ಟಲಿಲ್ಲ. "ಆಗಲ್ಲ ರಾಘು" ಎಂದ. "ತಿಂದ್ಬಿಟ್ನಲ್ಲ."

"ಏನು ತಿಂದೆ?"

"ಅವನ ಮನೆ ಊಟ. ನೀನೇ ಕೇಳಿದೆ, ತಿಂದ್ವಿ ಅಂದ್ವಿ. ಉಂಡ ಮನೆಗೆ ಎರಡು ಬಗೀಬಾರ್ದು. ಬೀರ ಇನ್ನು ಅವನ ಮೇಲೆ ಕೈ ಎತ್ತಲ್ಲ."

ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಲ್ಲ. ಶ್ರೀನಿವಾಸಯ್ಯ ಮೇಷ್ಟ್ರು ತಟ್ಟೆ ಕೆಳಗಿಟ್ಟು, "ಮರಿಯಣ್ಣ ಹೇಳೋದು ಧರ್ಮ ಕಣಯ್ಯ. ನಾನೂ ತಿಂದಿದೀನಿ. ನನಗೂ ಆಗಲ್ಲ" ಎಂದರು. ಮೈತ್ರೇಯಿ, "ನೀನು ಯಾಕೋ ಅವನ ಕೈಲಿ ಉಪ್ಪಿಟ್ಟು ಹಾಕಿಸಿದೆ?" ಎಂದು ನನ್ನನ್ನೇ ಕೇಳಿದಳು. ಅದು ಸುಳ್ಳು ಊಟ ಎಂದೆ. ಅವನು ಏಳು ವರ್ಷದಿಂದ ಊರು ಸುಟ್ಟವನು ಎಂದೆ. ನಿಯಮದ ಪುಸ್ತಕ ತೆಗೆದು ತೊಂಬತ್ತನೇ ಪುಟ ತೋರಿಸಿದೆ, ಅಲ್ಲಿ ಊಟದ ಋಣದ ಮಾತೇ ಇಲ್ಲ. "ಬುಕ್ಕಲ್ಲಿ ಇಲ್ದೆ ಇರ್ಬೋದು" ಎಂದ ಮರಿಯಣ್ಣ, ಸಮಾಧಾನವಾಗಿ. ಅವನ ಆ ಸಮಾಧಾನ ನನಗೆ ತಡೆಯಲಾಗಲಿಲ್ಲ. ಮೂರು ತಿಂಗಳ ತಯಾರಿ, ಲಕೋಟೆಗಳ ಭಾಷಣ, ಗೆಳೆಯನಿಗಾಗಿ ಕಟ್ಟಿಟ್ಟಿದ್ದ ಉಡುಗೊರೆ, ಎಲ್ಲ ಒಂದು ತಟ್ಟೆ ಉಪ್ಪಿಟ್ಟಿನಲ್ಲಿ ಮುಳುಗಿತ್ತು. ಸಿಟ್ಟು ನೆತ್ತಿಗೇರಿತು.

"ಅಷ್ಟೊಂದು ಋಣ ನೆನಪಿರೋನು, ಏಳು ವರ್ಷ ಪ್ರತಿ ಭಾನುವಾರ ನಮ್ಮನೇಲಿ ತಿಂದಿದೀಯಲ್ಲ, ಅದು ನೆನಪಿಲ್ವಾ? ನನ್ನ ಒಂದು ಮಾತು ಕೇಳೋಕೆ ಏನೋ ಕಷ್ಟ ನಿಂಗೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರಿಯಣ್ಣನ ತಟ್ಟೆಯಲ್ಲಿ ಇನ್ನೂ ಅರ್ಧ ಉಪ್ಪಿಟ್ಟಿತ್ತು. ಅನ್ನ ಬಿಟ್ಟು ಏಳುವವನಲ್ಲ ಅವನು. ನಿಧಾನವಾಗಿ ಅದನ್ನಷ್ಟೂ ತಿಂದು ಮುಗಿಸಿದ, ಹೊರಗಿನ ನಲ್ಲಿಯಲ್ಲಿ ತಟ್ಟೆ ತೊಳೆದ, ಕಟ್ಟೆಯ ಮೇಲೆ ಕವುಚಿಟ್ಟ. "ಬರ್ತೀನಮ್ಮ" ಎಂದು ಒಳಕ್ಕೆ ಕೂಗಿ ಹೇಳಿದ. ಆಮೇಲೆ ಬರಲಿಲ್ಲ.

ಮೊದಲ ವಾರ, ಅವನಿಗೇ ತಿಳಿಯುತ್ತದೆ ಬಿಡು ಎಂದು ಬೀಗಿಕೊಂಡಿದ್ದೆ. ಎರಡನೇ ವಾರ ಮೇಷ್ಟ್ರು ಬಂದು ಚಾಪೆ ನೋಡಿ ವಾಪಸು ಹೋದರು. ಮೂರನೇ ವಾರ ಮೈತ್ರೇಯಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಅವನ ಹಟಮಾರಿತನದ ಬಗ್ಗೆ ಮತ್ತೆ ಶುರುಮಾಡಿದೆ. ಅವಳು ಸೊಪ್ಪು ಕೆಳಗಿಟ್ಟಳು.

"ಅಣ್ಣ, ನೀನು ಅವನಿಗೆ ಅನ್ನ ಹಾಕಿ ಹಂಗಿಸಿದೆ. ಅದಕ್ಕಿಂತ ಹೊಡೆದಿದ್ರೆ ವಾಸಿಯಿತ್ತು."

"ಸಿಟ್ಟಲ್ಲಿ ಬಂತು ಕಣೇ."

"ಬರೋದು ಒಳಗಿರೋದೇ. ಆಟ ವರಾಂಡದಲ್ಲಿ ಯಾಕೆ ಆಡ್ತೀವಿ?"

"ದಾಳಕ್ಕೆ. ಅಮ್ಮನಿಗೆ ಆಗಲ್ಲ ಅಂತ."

"ಮೇಷ್ಟ್ರು ಕಾಫಿ ಕುಡಿಯೋಕೆ ಅಡುಗೆಮನೆವರೆಗೂ ಬರ್ತಾರೆ. ಮರಿಯಣ್ಣ ನೀರು ಬೇಕಾದ್ರೂ ವರಾಂಡದಿಂದ ಕೇಳ್ತಾನೆ. ನಮ್ಮ ತಟ್ಟೆ ಸಿಂಕಿಗೆ ಹೋಗತ್ತೆ, ಅವನ ತಟ್ಟೆ ಕಟ್ಟೆ ಮೇಲಿರತ್ತೆ. ಅವನೇ ತೊಳೀತಾನೆ. ಏಳು ವರ್ಷ. ನಿಂಗೆ ಕಾಣ್ಲಿಲ್ವಾ?"

ಕಂಡಿತ್ತು. ಅಮ್ಮನ ಕಾಲದವರು ಹಾಗೇ, ಅವರನ್ನು ನೋಯಿಸುವುದು ಬೇಡ ಎಂದು ಬಹಳ ಉದಾರವಾಗಿ ಸುಮ್ಮನಿದ್ದೆ. ಉದಾರ ಯಾರ ಲೆಕ್ಕದಲ್ಲಿ ಎಂದು ಕೇಳಿಕೊಳ್ಳಲಿಲ್ಲ. "ಅಮ್ಮನ ಬಿಡು" ಎಂದಳು ತಂಗಿ, ನನ್ನ ಮುಖ ಓದಿದವಳಂತೆ. "ನಿನ್ನ ವಿಷಯ ಹೇಳು. ಅವನ ಮನೇಲಿ ನೀನು ಎಷ್ಟು ಸಲ ಊಟ ಮಾಡಿದೀಯ?"

ಒಂದು ಸಲವೂ ಇಲ್ಲ. ಮರಿಯಣ್ಣ ಯುಗಾದಿಗೆ ಕರೆದಿದ್ದ, ಒಬ್ಬಟ್ಟು ತಿನ್ನೋಕೆ ಬಾ ಎಂದು. ಅವನ ತಂಗಿಯ ಮದುವೆಗೆ ಕರೆದಿದ್ದ. ಸುಮ್ಮನೆ ಒಂದು ದಿನ, ಅವ್ವ ನಿನ್ನ ನೋಡಬೇಕಂತಾಳೆ ಎಂದೂ ಕರೆದಿದ್ದ. ಪ್ರತಿ ಸಲವೂ ನಾನು ಹೊಟ್ಟೆಯ ಮೇಲೆ ಕೈಯಿಟ್ಟು, "ನಾನು ಹೊರಗಡೆ ಎಲ್ಲೂ ತಿನ್ನಲ್ಲ ಕಣೋ, ಹೊಟ್ಟೆ ಸರಿ ಇರಲ್ಲ" ಎನ್ನುತ್ತಿದ್ದೆ. ಮೆಜೆಸ್ಟಿಕ್ಕಿನ ಬಸ್ ಸ್ಟ್ಯಾಂಡಿನಲ್ಲಿ ಎಣ್ಣೆ ಸೋರುವ ಬೋಂಡ ತಿಂದು ಅರಗಿಸಿಕೊಂಡ ಹೊಟ್ಟೆ ಅದು. ಸಂಪಿಗೆ ರಸ್ತೆಯ ಯಾವ ಹೋಟೆಲ್ಲನ್ನೂ ಬಿಟ್ಟದ್ದಲ್ಲ. ಶ್ರೀರಾಂಪುರದ ಹೆಸರು ಕೇಳಿದರೆ ಮಾತ್ರ ಕೆಡುತ್ತಿತ್ತು. ಮದುವೆಗೆ ಹೋಗಿ ಮುಯ್ಯಿ ಕೊಟ್ಟು, ಊಟದ ಪಂಕ್ತಿ ಕೂರುವ ಮೊದಲೇ ಬಸ್ಸು ಹಿಡಿದಿದ್ದೆ.

ಆ ರಾತ್ರಿಯಿಂದ ನನಗೆ ಒಂದೇ ಚಿಂತೆ. ಕರಿಕೋಟೆ ಹಾಳಾಗಿ ಹೋಗಲಿ, ಮರಿಯಣ್ಣ ಮತ್ತೆ ಬರಬೇಕು. ಹೋಗಿ ತಪ್ಪಾಯಿತು ಎಂದು ಹೇಳಿದರೆ ಮುಗಿಯಿತು, ಒಂದು ನಿಮಿಷದ ಕೆಲಸ. ನಾನು ಅದಕ್ಕೆ ಜೆರಾಕ್ಸಿನ ದಾರಿ ಹುಡುಕಿದೆ. ರೇಷನ್ ಕಾರ್ಡು ಹಿಡಿದು ಅವನ ಅಂಗಡಿಗೆ ಹೋದೆ. ಅವನು ತಲೆ ಎತ್ತಿ ನೋಡಿ, "ಎಷ್ಟು ಕಾಪಿ ಸಾರ್?" ಎಂದ.

ಏಳು ವರ್ಷ ರಾಘು, ಮಗಾ, ಲೋ ಎಂದವನ ಬಾಯಲ್ಲಿ ಸಾರ್. ನನ್ನ ಕಚೇರಿಯಲ್ಲಿ ಯಾರೂ ಕೊಡದ ಮರ್ಯಾದೆ ಕೊನೆಗೂ ಸಿಕ್ಕಿತ್ತು, ಅದು ಎದೆಗೆ ಚುಚ್ಚಿತು. "ಹತ್ತು" ಎಂದೆ. ಮಾರನೇ ದಿನ ಮತ್ತೆ ಹೋದೆ. "ಎಷ್ಟು ಕಾಪಿ ಸಾರ್?" "ಹತ್ತು." ಹಿಂದೆ ಯಾರೋ ಕ್ಯೂ ನಿಂತಿದ್ದರು, ತಪ್ಪೊಪ್ಪಿಗೆಗೆ ಅದು ಜಾಗವಲ್ಲ ಅನ್ನಿಸಿತು. ಮೂರನೇ ದಿನ ಕ್ಯೂ ಇರಲಿಲ್ಲ, ಆವತ್ತು ಧೈರ್ಯ ಇರಲಿಲ್ಲ. ಐದಾರು ವಾರದಲ್ಲಿ ನಮ್ಮ ರೇಷನ್ ಕಾರ್ಡಿನ ಪ್ರತಿಗಳು ಒಂದು ಸಣ್ಣ ಊರಿಗೆ ಸಾಲುವಷ್ಟಾದವು. ಅಮ್ಮ ಅವುಗಳ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದರು.

ಕೊನೆಗೆ ಅವನ ಮನೆಗೇ ಹೋಗಿ ಊಟ ಮಾಡಿ ಬರುವುದು ಎಂದು ತೀರ್ಮಾನಿಸಿದೆ. ಅದಕ್ಕೆ ಸೋಮವಾರ ರಜೆ ಹಾಕಿದೆ. ಸೋಮವಾರವೇ ಯಾಕೆಂದರೆ ಅವರ ಮನೆಯಲ್ಲಿ ಸೋಮವಾರ ಮಾಂಸ ಮಾಡುವುದಿಲ್ಲ ಎಂದು ಅವನು ಯಾವತ್ತೋ ಹೇಳಿದ್ದ. ಪಶ್ಚಾತ್ತಾಪಕ್ಕೂ ಮಡಿ ನೋಡಿ ದಿನ ಗೊತ್ತು ಮಾಡಿದ ಮಹಾನುಭಾವ ನಾನು. ನಮ್ಮ ಮನೆಯಿಂದ ಅವನ ಮನೆಗೆ ನಡೆದರೆ ಅರ್ಧ ಗಂಟೆ. ಅವನು ಊಟಕ್ಕೆ ಬರುವ ಹೊತ್ತು ನೋಡಿಕೊಂಡು, ಒಂದು ಗಂಟೆಗೆ ಶ್ರೀರಾಂಪುರದ ಗಲ್ಲಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿ, ಹಸಿರು ಬಾಗಿಲಿನ ಮನೆಯ ಮುಂದೆ ನಿಂತೆ.

ಮುನಿಯಕ್ಕ ಬಾಗಿಲು ತೆಗೆದರು. ಸಣ್ಣ ದೇಹ, ಬೆಳ್ಳಗಾದ ತಲೆ. ಹೆಸರು ಹೇಳಿದ ಕೂಡಲೇ ಮುಖ ಅರಳಿತು.

"ಕೋಟೆ ರಾಜನ ಕತೆ ಹೇಳೋರು ನೀವೇನಾ ಸ್ವಾಮಿ? ಬನ್ನಿ, ಒಳಕ್ ಬನ್ನಿ. ನಮ್ ಮರಿ ಭಾನುವಾರ ಬಂದ್ರೆ ಮೊದ್ಲು ಅದೇ ಹೇಳೋನು, ಆಮ್ಯಾಕೆ ಊಟ. ಈಗ ಎಲ್ಡು ತಿಂಗ್ಳಿಂದ ಏನೂ ಹೇಳಾಕಿಲ್ಲ. ನಿಮ್ಗೇನೋ ಹೊಟ್ಟೆ ಸರಿಯಿಲ್ಲ ಅಂದ. ಈಗ ವಾಸಿನಾ?"

ನಾನು ಅವನನ್ನು ಹಂಗಿಸಿದೆನೆಂದು ಅವನು ತಾಯಿಗೆ ಹೇಳಿರಲಿಲ್ಲ. ನನ್ನ ಮರ್ಯಾದೆ ಕಾಪಾಡಲು ನನಗೊಂದು ಕಾಯಿಲೆ ಕೊಟ್ಟಿದ್ದ. "ಈಗ ವಾಸಿ" ಎಂದೆ.

ಒಂದೇ ಕೋಣೆ, ಅದರ ತುದಿಗೆ ಅಡುಗೆಯ ಜಾಗ. ಸೊಪ್ಪಿನ ಸಾರಿನ ವಾಸನೆ ಮನೆ ತುಂಬಿತ್ತು. ಮುನಿಯಕ್ಕ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಪಕ್ಕದ ಅಂಗಡಿಗೆ ಓಡಿಹೋಗಿ ಬಂದರು. ಎರಡು ಬಾಳೆಹಣ್ಣು, ಒಂದು ಹೊಸ ಗಾಜಿನ ಲೋಟದಲ್ಲಿ ಹಾಲು. ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ನೀವು ನಮ್ಮಂತೋರ ಮನೇಲಿ ಉಣ್ಣಾಕಿಲ್ಲ ಅಂತ ಗೊತ್ತು ಸ್ವಾಮಿ. ಹಾಲು ಹಣ್ಣಿಗೆ ದೋಸ ಇಲ್ಲ, ತಗೊಳ್ಳಿ. ಲೋಟ ಹೊಸದು, ನಾವು ಮುಟ್ಟಿಲ್ಲ."

ಅವರ ದನಿಯಲ್ಲಿ ಚೂರೂ ಕಹಿ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಊಟ ಮಾಡಲು ಬಂದಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ "ಥ್ಯಾಂಕ್ಸ್" ಎಂಬ ಶಬ್ದ ಬಂತು. ಬಾಳೆಹಣ್ಣು ಕೈಯಲ್ಲಿ ಹಿಡಿದು ಕೂತೆ. "ಆ ರಾಜ ಸತ್ನಾ ಸ್ವಾಮಿ?" ಎಂದು ಮುನಿಯಕ್ಕ ಕೇಳುತ್ತಿದ್ದಾಗ ಮರಿಯಣ್ಣ ಒಳಗೆ ಬಂದ.

ಅವನು ಬಾಗಿಲಲ್ಲೇ ನಿಂತ. ನನ್ನನ್ನು ನೋಡಿದ, ಬಾಳೆಹಣ್ಣನ್ನು ನೋಡಿದ. "ಬನ್ನಿ ಸಾರ್. ಯಾವಾಗ ಬಂದ್ರಿ?" ಎಂದ.

ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತು ಮಾಯವಾಯಿತು. ಹೇಡಿಗೆ ನೆನಪಾಗುವುದು ಆಟವೊಂದೇ. "ಕೊನೇ ಆಟ ಬಾಕಿ ಇದೆಯಲ್ಲ ಮರಿ" ಎಂದೆ. "ರಾಜ ಇನ್ನೂ ಅಲ್ಲೇ ಕೋಟೆ ಬಾಗಿಲಲ್ಲೇ ನಿಂತಿದಾನೆ. ಬೀರ ಏನು ಮಾಡ್ತಾನೆ ಅಂತ ಕೇಳೋಣ ಅಂತ ಬಂದೆ."

ಮರಿಯಣ್ಣ ಕೈಕಾಲು ತೊಳೆದು ಬಂದು ನೆಲದ ಮೇಲೆ ಕೂತ. ಅವನು ಆಟದಲ್ಲಿ ಯಾವಾಗಲೂ ಹಾಗೆಯೇ, ಅವಸರ ಇಲ್ಲ.

"ಅದನ್ನ ನಾನೂ ಯೋಚ್ನೆ ಮಾಡಿದೀನಿ" ಎಂದ. "ಬೀರ ಅವನ ಮನೇಲಿ ಉಂಡಿದಾನೆ, ಕೈ ಎತ್ತೋ ಹಾಗಿಲ್ಲ. ಆದ್ರೆ ಅವನು ಬೀರನ ಮನೇಲಿ ಉಂಡಿಲ್ಲ. ಅದಕ್ಕೇ ಅವನಿಗೆ ಅಷ್ಟು ಸೊಕ್ಕು. ಅವನೂ ಬಂದು ಬೀರನ ಮನೇಲಿ ಒಂದು ತುತ್ತು ತಿಂದ್ರೆ, ಇಬ್ರೂ ಕೈ ಎತ್ತೋ ಹಾಗಿಲ್ಲ. ಯುದ್ಧ ಮುಗೀತು. ಬೀರ ರಾಜನ್ನ ಊಟಕ್ಕೆ ಕರೀತಾನೆ. ಕೇಳಿ ಸಾರ್, ಬರ್ತಾನಾ?"

ಏಳು ವರ್ಷ ವಲ್ಗ್ರಾತನ ಪರವಾಗಿ ಉತ್ತರ ಕೊಟ್ಟ ಅಭ್ಯಾಸ. ಯೋಚಿಸದೆ ನನ್ನ ಬಾಯಿಂದ ಬಂತು: "ಅವನು ಹೊರಗಡೆ ಎಲ್ಲೂ ತಿನ್ನಲ್ಲ."

ಆಡಿದ ಮೇಲೆ ನನಗೇ ಅದು ಕೇಳಿಸಿತು. ಮರಿಯಣ್ಣ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ. ಮುನಿಯಕ್ಕ ಮಾತ್ರ ಕತೆಯೊಳಗೆ ಮುಳುಗಿದ್ದರು. "ಅಯ್ಯೋ, ಯಾಕಂತೆ?" ಎಂದು ಮರುಕದಿಂದ ಕೇಳಿದರು. "ಅವನಿಗೂ ಹೊಟ್ಟೆ ಸರಿಯಿಲ್ವಂತಾ?"

ನನ್ನನ್ನು ಜೀವಮಾನದಲ್ಲಿ ಯಾರೂ ಅಷ್ಟು ಮೆತ್ತಗೆ ಹೊಡೆದಿಲ್ಲ. ಬಾಳೆಹಣ್ಣು ತಟ್ಟೆಗಿಟ್ಟೆ. ಕುರ್ಚಿ ಬಿಟ್ಟು ನೆಲದ ಮೇಲೆ, ಮರಿಯಣ್ಣನ ಎದುರಿಗೆ ಕೂತೆ.

"ಹೊಟ್ಟೆ ಚೆನ್ನಾಗೇ ಇದೆ ಅಮ್ಮ. ಮೊದಲಿಂದ್ಲೂ ಚೆನ್ನಾಗೇ ಇತ್ತು" ಎಂದೆ. ಆಮೇಲೆ ಅವನಿಗೆ, "ತಪ್ಪಾಯ್ತು ಕಣೋ ಮರಿ. ಆವತ್ತು ಹಂಗಿಸಿದ್ದು ತಪ್ಪು. ನೀನು ಕರೆದಾಗೆಲ್ಲ ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀನು ಬರದೇ ಇದ್ರೆ ಭಾನುವಾರ ನಂಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಹಸಿವಾಗ್ತಿದೆ. ಊಟ ಹಾಕ್ಸು" ಎಂದೆ.

ಮುನಿಯಕ್ಕ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಮುದ್ದೆ, ಸೊಪ್ಪಿನ ಸಾರು ಸ್ವಾಮಿ. ನಿಮ್ಗೆ ಒಗ್ಗತ್ತೋ ಇಲ್ವೋ. ನಿಮ್ಮಮ್ಮಾವ್ರು ಬೇಜಾರ್ ಮಾಡ್ಕಂಡಾರು" ಎಂದರು. ಅಮ್ಮನಿಗೆ ನಾನು ಹೇಳುತ್ತೇನೆ ಎಂದೆ. ಅವರು ಇನ್ನೂ ಅನುಮಾನಿಸುತ್ತ ನಿಂತಿದ್ದಾಗ ಮರಿಯಣ್ಣ ತಾನೇ ಎದ್ದು ಹೋಗಿ ಎರಡು ತಟ್ಟೆ ತಂದು ಎದುರುಬದುರು ಇಟ್ಟ.

ಮುದ್ದೆ ಬಿತ್ತು. ಸಾರು ಬಿತ್ತು. ನಾನು ವೀರಾವೇಶದಿಂದ ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಅದು ಹಲ್ಲಿಗೆ, ಒಸಡಿಗೆ, ಅಂಗುಳಕ್ಕೆ ಅಂಟಿ, ಬಾಯಿ ತೆರೆಯಲೂ ಆಗದೆ ಮುಚ್ಚಲೂ ಆಗದೆ ಕಣ್ಣಲ್ಲಿ ನೀರು ಬಂತು. ನೀರಿಗೆ ಮುದ್ದೆಯೊಂದೇ ಕಾರಣ ಎಂದು ನಾನು ಹೇಳಲಾರೆ. "ಅಗೀಬ್ಯಾಡಿ, ಸಾರಲ್ಲಿ ಅದ್ದಿ ನುಂಗಿ!" ಎಂದು ಮುನಿಯಕ್ಕ ಗಾಬರಿಯಾದರು. ಮರಿಯಣ್ಣನ ಹೆಗಲು ಅಲ್ಲಾಡುತ್ತಿತ್ತು. ಎರಡು ತಿಂಗಳಾದ ಮೇಲೆ ಅವನು ನಗುವುದನ್ನು ನೋಡಿದೆ. ಅವನು ಸಣ್ಣ ಉಂಡೆ ಮಾಡಿ, ಸಾರಲ್ಲಿ ಹೊರಳಿಸಿ, ಹೇಗೆ ನುಂಗಬೇಕೆಂದು ತೋರಿಸಿಕೊಟ್ಟ. ಎರಡನೇ ತುತ್ತು ಇಳಿಯಿತು. ಮೂರನೆಯದು ರುಚಿಯಾಗಿತ್ತು.

ಮುನಿಯಕ್ಕನನ್ನು 'ಕತೆ ಏನಾಯಿತು' ಎನ್ನುವ ಕುತೂಹಲ ಇನ್ನೂ ಬಿಟ್ಟಿರಲಿಲ್ಲ. ನನಗೆ ಇನ್ನೊಂದು ಸೌಟು ಸಾರು ಬಡಿಸುತ್ತ ಮಗನನ್ನು ಕೇಳಿದರು.

"ಅಲ್ಲ ಮರಿ, ಕೊನೇಗೆ ಆ ಕೋಟೆ ರಾಜ ಸತ್ನೋ ಇಲ್ವೋ?"

ಮರಿಯಣ್ಣ ನನ್ನ ತಟ್ಟೆಯ ಕಡೆ ನೋಡಿದ.

"ಇಲ್ಲ ಕಣವ್ವ" ಎಂದ. "ಉಣ್ತಾ ಅವ್ನೆ."